ಮನೆ ಆರೈಕೆ ಸೇವೆಗಳ ತಪಾಸಣೆ: ಸಿಡ್ನಿ ಮತ್ತು ಮೆಲ್ಬರ್ನ್

ವಯಸ್ಸಾದವರಿಗೆ ಅವರವರ ಮನೆಯಲ್ಲೇ ಸ್ನಾನ, ಊಟ, ಮಾತ್ರೆ, ಗಾಯದ ಶುಶ್ರೂಷೆ, ಮನೆಗೆಲಸಗಳಲ್ಲಿ ನೆರವಾಗುವ ಸಂಸ್ಥೆಗಳು ಆ ಕೆಲಸವನ್ನು ಸರಿಯಾಗಿ, ಅಪಾಯವಿಲ್ಲದಂತೆ ಮಾಡುತ್ತಿವೆಯೇ ಎಂದು ಪರಿಶೀಲಿಸುವ ವ್ಯವಸ್ಥೆ. ಆಸ್ಟ್ರೇಲಿಯಾದಲ್ಲಿ ಇದು ಒಕ್ಕೂಟ ಸರ್ಕಾರದ ಹೊಣೆಯಾದ್ದರಿಂದ ಸಿಡ್ನಿಗೂ ಮೆಲ್ಬರ್ನಿಗೂ ಕಾನೂನು ಒಂದೇ. ತಪಾಸಣೆ ನಡೆಸುವುದು 2019ರ ಜನವರಿ 1ರಂದು ಆರಂಭವಾದ ಹಿರಿಯರ ಆರೈಕೆ ಗುಣಮಟ್ಟ ಮತ್ತು ಸುರಕ್ಷತಾ ಆಯೋಗ. ಸೇವೆ ಕೊಡುವವರಲ್ಲಿ ಮಾತ್ರ ವ್ಯತ್ಯಾಸವಿತ್ತು: ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ದಶಕಗಳ ಕಾಲ ನಗರಸಭೆಗಳೇ ಈ ಕೆಲಸ ಮಾಡುತ್ತಿದ್ದವು, ಈಚಿನ ವರ್ಷಗಳಲ್ಲಿ ಅವುಗಳಲ್ಲಿ ಹಲವು ಹಿಂದೆ ಸರಿದಿವೆ. ಹಿರಿಯರ ಆರೈಕೆಯ ಕುರಿತು ವಿಚಾರಣೆ ನಡೆಸಲು 2018ರಲ್ಲಿ ನೇಮಕವಾದ ರಾಯಲ್ ಕಮಿಷನ್ 2021ರ ಮಾರ್ಚ್‌ನಲ್ಲಿ ಹೊರಬಂದ ಅಂತಿಮ ವರದಿಯಲ್ಲಿ 148 ಶಿಫಾರಸುಗಳನ್ನು ಮಾಡಿತು. ಅದರ ಫಲವಾದ ಹೊಸ ಹಿರಿಯರ ಆರೈಕೆ ಕಾಯಿದೆ 2025ರ ನವೆಂಬರ್ 1ರಿಂದ ಜಾರಿಯಲ್ಲಿದೆ.

ಈ ಕಾಯಿದೆಯ ಪ್ರಕಾರ ಸಂಸ್ಥೆಗಳು ಆರು ವರ್ಗಗಳಲ್ಲಿ ನೋಂದಾಯಿಸಿಕೊಳ್ಳಬೇಕು. ಮೈ ಮುಟ್ಟಿ ಮಾಡುವ ಆರೈಕೆ ಮತ್ತು ಶುಶ್ರೂಷೆಯ ವರ್ಗಗಳಿಗೆ ಗುಣಮಟ್ಟದ ಮಾನದಂಡಗಳು ಅನ್ವಯಿಸುತ್ತವೆ, ಪರಿಶೋಧನೆಯೂ ನಡೆಯುತ್ತದೆ. ಮನೆ ಗುಡಿಸಿ ಒರೆಸುವಂಥ ಕೆಲಸಕ್ಕೆ ಇವೆರಡೂ ಇಲ್ಲ. ಪರಿಶೋಧಕರು ಆರೈಕೆಯ ಯೋಜನೆ, ಸಿಬ್ಬಂದಿಯ ತರಬೇತಿ, ದೂರುಗಳ ದಾಖಲೆಗಳನ್ನು ಓದುತ್ತಾರೆ. ಕೆಲಸಗಾರರೊಡನೆಯೂ ಸೇವೆ ಪಡೆಯುವವರೊಡನೆಯೂ ಮಾತನಾಡುತ್ತಾರೆ. ಆದರೆ ಆರೈಕೆ ನಡೆಯುವ ಕ್ಷಣದಲ್ಲಿ ಅವರು ಅಲ್ಲಿರುವುದು ಅಪರೂಪ. ವೃದ್ಧಾಶ್ರಮಕ್ಕಾದರೆ ಮುನ್ಸೂಚನೆಯಿಲ್ಲದೆ ಹೋಗಿ ಅಡುಗೆಮನೆ, ಹಾಸಿಗೆ, ಕರೆಗಂಟೆ ಎಲ್ಲವನ್ನೂ ಕಣ್ಣಾರೆ ನೋಡಬಹುದು. ಸಿಡ್ನಿಯ ಪರಮಾಟ್ಟಾದಲ್ಲೋ ಮೆಲ್ಬರ್ನಿನ ಕ್ಲೇಟನ್‌ನಲ್ಲೋ ಇರುವ ಒಂದು ಫ್ಲ್ಯಾಟಿನೊಳಗೆ ಒಬ್ಬರು ಇನ್ನೊಬ್ಬರಿಗೆ ಸ್ನಾನ ಮಾಡಿಸುವುದನ್ನು ಹಾಗೆ ನೋಡಲಾಗದು. ಹಾಗಾಗಿ ಮನೆ ಆರೈಕೆಯ ತಪಾಸಣೆಯಲ್ಲಿ ಕಾಗದದ ಸಾಕ್ಷ್ಯದಷ್ಟೇ, ಹಲವು ಸಲ ಅದಕ್ಕಿಂತ ಹೆಚ್ಚಾಗಿ, ಆರೈಕೆ ಪಡೆಯುವವರ ಮಾತಿಗೆ ಬೆಲೆ ಇರಬೇಕು.

ಹಾಗಿದ್ದರೆ ಮನೆಗೂ ಹಠಾತ್ತನೆ ಭೇಟಿ ಕೊಡಬಾರದೇ ಎಂದು ಕೇಳುವವರಿದ್ದಾರೆ. ಆದರೆ ಮನೆ ಸಂಸ್ಥೆಯದಲ್ಲ, ಹಿರಿಯರದು. ಅವರ ಒಪ್ಪಿಗೆಯಿಲ್ಲದೆ ಹೊಸ್ತಿಲು ದಾಟಿದರೆ ಕಾಪಾಡಲು ಹೊರಟ ಘನತೆಗೇ ಧಕ್ಕೆ. ಸ್ವಯಂವರದಿಯ ಮೇಲೆ ಭರವಸೆ ಇಡಬಹುದೆಂದು ಬೇರೆ ಕೆಲವರು ವಾದಿಸುತ್ತಾರೆ. ಗಂಭೀರ ಘಟನೆಗಳನ್ನು ವರದಿ ಮಾಡುವ ನಿಯಮ 2022ರ ಡಿಸೆಂಬರ್ 1ರಿಂದ ಮನೆ ಸೇವೆಗಳಿಗೂ ಬಂದಿದೆ. ಅತಿ ಗಂಭೀರವಾದದ್ದನ್ನು 24 ಗಂಟೆಯೊಳಗೆ, ಉಳಿದವನ್ನು 30 ದಿನದೊಳಗೆ ಆಯೋಗಕ್ಕೆ ತಿಳಿಸಬೇಕು. ಇದು ಒಳ್ಳೆಯದೇ. ಆದರೆ ಸಂಸ್ಥೆಗೇ ಗೊತ್ತಾಗದ ನಿರ್ಲಕ್ಷ್ಯ ಯಾವ ವರದಿಯಲ್ಲೂ ಬರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಅಡಿಲೇಡಿನಲ್ಲಿ, ಹಿರಿಯರ ಆರೈಕೆಯಡಿ ಅಲ್ಲ, ಅಂಗವಿಕಲರ ಯೋಜನೆಯಡಿ, ನೋಂದಾಯಿತ ಸಂಸ್ಥೆಯೊಂದರ ಸೇವೆ ಪಡೆಯುತ್ತಿದ್ದ ಮಹಿಳೆ ಘೋರ ನಿರ್ಲಕ್ಷ್ಯದಿಂದ ತೀರಿಕೊಂಡರು. ಆರೈಕೆದಾರಳು ನರಹತ್ಯೆಯ ಅಪರಾಧಿಯಾದಳು. ಅವರನ್ನು ನೋಡಿಕೊಳ್ಳಲು ಬರುತ್ತಿದ್ದವಳು ಅವಳೊಬ್ಬಳೇ. ದುರ್ಬಲ ಸ್ಥಿತಿಯಲ್ಲಿರುವವರನ್ನು ಒಬ್ಬರೇ ಆರೈಕೆದಾರರಿಗೆ ಒಪ್ಪಿಸಬಾರದೆಂದು ಆಮೇಲಿನ ವಿಚಾರಣೆ ಶಿಫಾರಸು ಮಾಡಿತು.

ಆರೈಕೆ ಪಡೆಯುವವರ ಮಾತನ್ನೇ ಕೇಳಬೇಕೆಂಬ ಈ ತರ್ಕ ಕನ್ನಡ ಕುಟುಂಬಗಳಿಗೆ ಇನ್ನೂ ಹತ್ತಿರದ್ದು. ಮಕ್ಕಳ ಜೊತೆಗಿರಲು ಬಂದ ಅಪ್ಪ ಅಮ್ಮಂದಿರಲ್ಲಿ ಅನೇಕರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಮರೆವಿನ ರೋಗ ಬಂದರೆ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗುವುದುಂಟು. ಪರಿಶೋಧಕರು ಕರೆ ಮಾಡಿದಾಗ ಮಗನೋ ಸೊಸೆಯೋ ಉತ್ತರಿಸಿದರೆ ಅವರಿಗೆ ತಿಳಿಯುವುದು ಮನೆಯವರ ಸಮಾಧಾನ, ಅಮ್ಮನ ಅನುಭವವಲ್ಲ. ಸೇವೆ ನಿಂತುಹೋದೀತೆಂಬ ಅಂಜಿಕೆಯೂ ಬಾಯಿ ಕಟ್ಟುತ್ತದೆ. ದುಭಾಷಿಗಳಿಗೆ ಖರ್ಚು ಹೆಚ್ಚು, ಚಿಕ್ಕ ಸಮುದಾಯಗಳಿಗೆಲ್ಲ ಒದಗಿಸುವುದು ಕಷ್ಟ ಎಂಬ ಆಕ್ಷೇಪ ನಿಜವಾದರೂ, ಅರ್ಥವಾಗದ ಸಾಕ್ಷ್ಯದ ಮೇಲೆ ನಿಂತ ತೀರ್ಮಾನ ತಪಾಸಣೆ ಎನಿಸಿಕೊಳ್ಳದು. ಹೊಸ ಕಾಯಿದೆಯ ಹಕ್ಕುಗಳ ಹೇಳಿಕೆಯಲ್ಲಿ ತಮಗೆ ಬೇಕಾದ ಭಾಷೆಯಲ್ಲಿ, ಅಗತ್ಯವಿದ್ದರೆ ದುಭಾಷಿಯ ನೆರವಿನಿಂದ ಮಾತನಾಡುವ ಹಕ್ಕು ಸೇರಿದೆ. ಆಯೋಗಕ್ಕೆ ಹೆಸರು ಹೇಳದೆಯೂ ದೂರು ಕೊಡಬಹುದು. ದೂರು ಬರೆಯಲು, ಸಂಸ್ಥೆಯೊಡನೆ ಮಾತನಾಡಲು ಹಿರಿಯರ ಪರವಾಗಿ ನಿಲ್ಲುವ ವಕಾಲತ್ತು ಸೇವೆ ಎರಡೂ ನಗರಗಳಲ್ಲಿ ಉಚಿತವಾಗಿ ಸಿಗುತ್ತದೆ.