ಶಿವಗಂಗೆಯಲ್ಲಿ ಶಾಂತಲೆ

ಬೆಂಗಳೂರಿನಿಂದ ತುಮಕೂರಿನ ಹಾದಿ ಹಿಡಿದು, ನೆಲಮಂಗಲ ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಶಿವಗಂಗೆಯ ಬೆಟ್ಟ ಎದುರಾಗುತ್ತದೆ. ಗಂಗಾಧರೇಶ್ವರನ ಗುಡಿ, ಒಳಕಲ್ಲು ತೀರ್ಥ, ನೆತ್ತಿಯ ಬಸವ, ಇವಿಷ್ಟನ್ನೂ ಕಂಡ ಯಾತ್ರಿಕರು ಒಂದು ಪ್ರಪಾತದ ಅಂಚಿನಲ್ಲಿಯೂ ನಿಲ್ಲುವುದುಂಟು. ಹೊಯ್ಸಳರ ರಾಣಿ ಶಾಂತಲೆ ಇಲ್ಲಿಂದಲೇ ಧುಮುಕಿ ಪ್ರಾಣಬಿಟ್ಟಳೆಂಬ ಮಾತನ್ನು ಕೇಳಿ, ಕೆಳಗೆ ಇಣಿಕಿ ನೋಡಿ, ಹಿಂದಿರುಗುತ್ತಾರೆ.

ಇಷ್ಟೇ ಸಾಕೇ? ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಧುಮುಕಿದ ಕಥೆ ಜನರ ಬಾಯಲ್ಲಿ ಬಂದದ್ದು. ಆಕೆಯ ತಂದೆ ಶೈವ, ತಾಯಿ ಮಾಚಿಕಬ್ಬೆ ಜೈನಳು, ಪತಿ ವಿಷ್ಣುವರ್ಧನ. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನೂ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದವಳು ಈಕೆ. ಸಂಗೀತ ನೃತ್ಯಗಳಲ್ಲಿ ಆಕೆಗಿದ್ದ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ಇಂತಹ ಬಾಳನ್ನು ಒಂದು ನೆಗೆತಕ್ಕೆ ಇಳಿಸಿಬಿಡುವುದು ನ್ಯಾಯವಲ್ಲ.

ಈ ಬಾಳನ್ನು ಕನ್ನಡಿಗರ ಮನೆಮನೆಗೆ ತಂದವು ಕಾದಂಬರಿಗಳು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ. ವಿ. ಅಯ್ಯರ್ ಅವರು 1955ರಲ್ಲಿ ‘ಶಾಂತಲಾ’ ಬರೆದರು. ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ 1983ರಲ್ಲಿ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿಯನ್ನು ಪಡೆಯಿತು. ಇವನ್ನು ಓದಿದವರು ಬೆಟ್ಟವೇರಿ ಬಂದರೆ ಅವರಿಗೆ ಅಲ್ಲಿ ಏನು ದೊರೆಯಬೇಕು?

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡಿನಲ್ಲಿ ಷೇಕ್ಸ್‌ಪಿಯರ್ ಹುಟ್ಟಿದ ಮನೆಯನ್ನು 1847ರಲ್ಲಿಯೇ ಸಾರ್ವಜನಿಕರ ಪರವಾಗಿ ಕೊಂಡು ಕಾಪಾಡಿದರು. ನಮ್ಮಲ್ಲಿಯೂ ಮಲೆನಾಡಿನ ಸಣ್ಣ ಹಳ್ಳಿ ಕುಪ್ಪಳಿಗೆ, ಕುವೆಂಪು ಅವರ ಮನೆಯನ್ನೂ ಕವಿಶೈಲವನ್ನೂ ನೋಡಲೆಂದೇ ಜನ ಹೋಗುತ್ತಾರೆ. ಕವಿಯ ಮನೆ ಶಿವಗಂಗೆಯಲ್ಲಿಲ್ಲ, ನಿಜ. ಆದರೆ ಕಥೆ ಮುಗಿದ ನೆಲ ಇಲ್ಲಿದೆ.

ಇದಕ್ಕೆ ದೊಡ್ಡ ಕಟ್ಟಡವೇನೂ ಬೇಡ. ಶಾಸನದಲ್ಲಿರುವುದಿಷ್ಟು, ಜನರು ಹೇಳುವುದಿಷ್ಟು, ಕಾದಂಬರಿಕಾರರು ಕಲ್ಪಿಸಿದ್ದಿಷ್ಟು ಎಂದು ಬಿಡಿಸಿ ಹೇಳುವ ಕನ್ನಡದ ಫಲಕವೊಂದು ಸಾಕು. ಕಾಯಿ-ಕರ್ಪೂರ ಮಾರುವ ಅಂಗಡಿಯಲ್ಲಿ ಆ ಪುಸ್ತಕಗಳ ನಾಲ್ಕು ಪ್ರತಿ. ಕಥೆಯನ್ನು ಬಲ್ಲ ಊರಿನ ತರುಣರಿಗೆ ದಾರಿ ತೋರಿಸುವ ಕೆಲಸ. ಬಂದವರು ಒಂದು ಗಳಿಗೆ ಹೆಚ್ಚು ನಿಂತರೆ ಊರಿನವರಿಗೂ ನಾಲ್ಕು ಕಾಸು. ಹೀಗಾದರೆ ಅಂಚಿನಲ್ಲಿ ನಿಂತವರು ರಾಣಿ ಸತ್ತದ್ದನ್ನಷ್ಟೇ ಅಲ್ಲ, ಬದುಕಿದ್ದನ್ನೂ ನೆನೆದಾರು.

ಮುಂದಿನ ಸಲ ಬೆಟ್ಟ ಹತ್ತುವಾಗ, ಬುತ್ತಿಯ ಜೊತೆಗೆ ಒಂದು ಪುಸ್ತಕವನ್ನೂ ಕಟ್ಟಿಕೊಳ್ಳಿ.