ಕಾಲೆಳೆದು ನಡೆಯುವ ಒಂದು ಕ್ರಿಯಾಪದ

ಬವೇರಿಯದಲ್ಲಿಯೂ ಅದರ ನೆರೆಯ ಆಸ್ಟ್ರಿಯದಲ್ಲಿಯೂ ಜನ ಆಡುವ ಜರ್ಮನ್ ಕ್ರಿಯಾಪದವೊಂದುಂಟು: ‘ಹಾಚೆನ್’. ಪಾದವನ್ನು ಪೂರ್ತಿ ಎತ್ತದೆ, ಕಾಲೆಳೆದುಕೊಂಡು ನಡೆಯುವುದು ಎಂದು ಅದರ ಅರ್ಥ. ಕುಂಟುವುದು ಎಂದೂ ಹೌದು. ಕುಂಟುವುದಕ್ಕೆ ಶಿಷ್ಟ ಜರ್ಮನಿನಲ್ಲಿ ‘ಹಿಂಕೆನ್’ ಎಂಬ ಬೇರೆ ಮಾತಿದೆ. ಆದರೆ ಅದು ಕಾಲಿನ ಊನವನ್ನು ಹೇಳೀತೇ ಹೊರತು ಮೈಯ ದಣಿವನ್ನು ಹೇಳಲಾರದು. ಹಾಚೆನ್‌ನಿಂದ ಹುಟ್ಟಿದ ‘ಹಾಚರ್’ ಎಂಬ ನಾಮಪದವನ್ನು ನೋಡಿ: ಎಷ್ಟು ನಡೆದರೂ ಮುಗಿಯದ ಬೇಸರದ ದಾರಿಗೂ ಅದೇ ಹೆಸರು, ಹಾಗೆ ನಡೆದು ಸವೆದ ಹಳೆಯ ಜೋಡಿಗೂ ಅದೇ ಹೆಸರು! ಸರಿಹೊಂದದ ಹೋಲಿಕೆಯೂ ಅಲ್ಲಿ ಕಾಲೆಳೆಯುತ್ತದಂತೆ.

ಇಂಥವನ್ನು ಹಳ್ಳಿಗರ ಅಪಭ್ರಂಶವೆಂದು ತಳ್ಳಿಬಿಡುವುದು ಓದಿದವರ ರೂಢಿ. ಉತ್ತರಪತ್ರಿಕೆಯಲ್ಲಿ ಊರಮಾತು ಕಂಡಲ್ಲೆಲ್ಲ ಕೆಂಪು ಗೆರೆಯೆಳೆದವರಲ್ಲಿ ನಾನೂ ಒಬ್ಬ. ಯೋಹಾನ್ ಆಂದ್ರೆಯಾಸ್ ಶ್ಮೆಲ್ಲರನ ವೃತ್ತಾಂತವನ್ನು ಓದಿದಾಗ ಆ ಗೆರೆಗಳು ನೆನಪಾಗಿ ಮುಜುಗರವಾಯಿತು.

ಶ್ಮೆಲ್ಲರ್ 1785ರಲ್ಲಿ ಬವೇರಿಯದ ಟಿರ್ಶೆನ್‌ರಾಯ್ಟ್ ಎಂಬ ಊರಿನಲ್ಲಿ, ಬುಟ್ಟಿ ಹೆಣೆಯುವವನೊಬ್ಬನ ಮಗನಾಗಿ ಹುಟ್ಟಿದ. 1804ರಲ್ಲಿ ಶಿಕ್ಷಣತಜ್ಞ ಪೆಸ್ಟಾಲೊಜಿಯನ್ನು ಅರಸಿ ಸ್ವಿಟ್ಸರ್ಲೆಂಡಿಗೆ ಹೋದ. ಅಲ್ಲಿ ನೆಲೆ ಸಿಗಲಿಲ್ಲ. ಹೊಟ್ಟೆಪಾಡಿಗಾಗಿ ಸ್ಪೇನಿನ ದೊರೆಯ ಸೇವೆಯಲ್ಲಿದ್ದ ಸ್ವಿಸ್ ದಳವನ್ನು ಸೇರಿ ಸಿಪಾಯಿಯಾದ. ಊರಮಾತಿನ ಬೆಲೆ ಅವನಿಗೆ ಹೊರನಾಡಿನಲ್ಲಿ ತಿಳಿದಿರಬೇಕೆಂದು ನನ್ನ ಊಹೆ.

ತಾಯ್ನಾಡಿಗೆ ಮರಳಿದ ಮೇಲೆ, 1821ರಲ್ಲಿ, ಬವೇರಿಯದ ಉಪಭಾಷೆಗಳ ವ್ಯಾಕರಣವನ್ನು ಪ್ರಕಟಿಸಿದ. ಕೆಟ್ಟ ಜರ್ಮನ್ ಎನಿಸಿಕೊಂಡಿದ್ದ ಆ ನುಡಿಗಳಿಗೆ ತಮ್ಮದೇ ನಿಯಮವಿದೆಯೆಂದು ಅದರಲ್ಲಿ ತೋರಿಸಿದ. 1827ರಿಂದ 1837ರವರೆಗೆ ನಾಲ್ಕು ಸಂಪುಟಗಳಲ್ಲಿ ಅವನ ಬವೇರಿಯನ್ ನಿಘಂಟು ಹೊರಬಂದಿತು. ಜನರ ಬಾಯಲ್ಲಿದ್ದ ಮಾತುಗಳನ್ನೂ ಹಳೆಯ ಬರಹಗಳಲ್ಲಿದ್ದವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಗ್ರಂಥ ಅದು. ಅದರ ಪದಕ್ರಮ ವಿಲಕ್ಷಣ: ಧಾತುವಿನ ವ್ಯಂಜನಗಳು ಮೊದಲು, ಸ್ವರ ಅನಂತರ. ಸ್ವರವು ಊರಿಂದೂರಿಗೆ ಬದಲಾಗುತ್ತದೆ, ವ್ಯಂಜನವು ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ಅದರ ಹಿಂದಿನ ತರ್ಕ. ಜರ್ಮನ್ ಓದುಗರಿಗೆ ಇದು ತೊಡಕು. ಕಾಗುಣಿತ ಕಲಿತು ಬೆಳೆದ ನಮಗೆ ಅಷ್ಟೇನೂ ಅಪರಿಚಿತವಲ್ಲ.

ಮಧ್ಯಯುಗದ ಪ್ರಸಿದ್ಧ ‘ಕಾರ್ಮಿನಾ ಬುರಾನಾ’ ಗೀತೆಗಳನ್ನು 1847ರಲ್ಲಿ ಅಚ್ಚಿಗೆ ತಂದವನೂ ಇವನೇ. ಆದರೂ ನಿಘಂಟಿನ ಕೆಲಸ ಅವನನ್ನು ಬಿಡಲಿಲ್ಲ. ಅಚ್ಚಾದ ಸಂಪುಟಗಳಿಗೆ ಹೊಸ ಮಾತುಗಳನ್ನು ಸೇರಿಸುತ್ತಲೇ ಹೋದ. 1852ರಲ್ಲಿ ಅವನು ತೀರಿಕೊಂಡ. ಆ ಸೇರ್ಪಡೆಗಳನ್ನೆಲ್ಲ ಒಳಗೊಂಡ ಎರಡನೆಯ ಆವೃತ್ತಿಯನ್ನು ಫ್ರೊಮಾನ್ ಎಂಬ ವಿದ್ವಾಂಸ 1872 ಮತ್ತು 1877ರ ನಡುವೆ ಹೊರತಂದ.