ಇಕ್ಕಳದಿಂದ ವೈಸಿನವರೆಗೆ

ಹಳ್ಳಿಯ ಕುಲುಮೆಯನ್ನು ನೀವು ನೋಡಿದ್ದೀರಾ? ತೆಲಿಗಿಯಂಥ ಊರುಗಳಲ್ಲಿ ಕಮ್ಮಾರನು ಕಾದ ಕಬ್ಬಿಣವನ್ನು ಎಡಗೈಯ ಇಕ್ಕಳದಲ್ಲಿ ಹಿಡಿದು ಬಲಗೈಯಿಂದ ಬಡಿಯುತ್ತಿದ್ದನು. ಹಿಡಿತವೂ ಪೆಟ್ಟೂ ಅವನ ತೋಳಿನ ಅಳವಿನಲ್ಲೇ ಇದ್ದವು.

1941ರಲ್ಲಿ ಸಮೀಪದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಗೊಂಡು, ಲೇತ್ ಮೊದಲಾದ ಯಂತ್ರಗಳನ್ನು ತಯಾರಿಸಿತು. ಯಂತ್ರದ ಬಲವಾದರೋ ತೋಳನ್ನು ಮೀರಿದ್ದು. ಡ್ರಿಲ್ಲಿನ ಮೊನೆ ತಗಡಿಗೆ ಸಿಕ್ಕಿಕೊಂಡರೆ ತಗಡೂ ಗರ್ರನೆ ತಿರುಗಿ ಹಿಡಿದ ಬೆರಳನ್ನೇ ಕತ್ತರಿಸೀತು. ಆದುದರಿಂದಲೇ ಹಿಡಿಯುವ ಕೆಲಸವನ್ನು ವೈಸಿನ ದವಡೆಗಳಿಗೆ ಒಪ್ಪಿಸಬೇಕು.

ಆದರೆ ವೈಸನ್ನೇ ಯಂತ್ರದ ಮೇಜಿಗೆ ಬೋಲ್ಟುಗಳಿಂದ ಬಿಗಿಯದಿದ್ದರೆ ಅದೂ ತಿರುಗೀತು! ಕೆಲಸದ ತುಂಡು ದವಡೆಗಳ ನಡುವೆ ಭದ್ರವಾಗಿ ಕೂರಬೇಕು. ಹಿಡಿಕೆಗೆ ಪೈಪು ಸಿಕ್ಕಿಸಿ ಬಿಗಿಯಬಾರದು, ಸುತ್ತಿಗೆಯಿಂದ ಬಡಿಯಬಾರದು. ಅಳತೆ ನೋಡುವುದು ಯಂತ್ರ ಪೂರ್ತಿ ನಿಂತ ಮೇಲೆಯೇ. ಲೋಹದ ಚೂರನ್ನು ತೆಗೆಯುವುದೂ ಆಗಲೇ, ಅದೂ ಬ್ರಷ್ಷಿನಿಂದ. ತಿರುಗುವ ಡ್ರಿಲ್ಲಿನ ಬಳಿ ಕೈಗವಸು, ಸಡಿಲ ತೋಳಿನ ಅಂಗಿ ಸಲ್ಲವು. ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ.

1948ರ ಕಾರ್ಖಾನೆಗಳ ಕಾಯಿದೆಯು ಯಂತ್ರದ ಅಪಾಯಕಾರಿ ಭಾಗಗಳಿಗೆ ಆವರಣ, ಕಣ್ಣಿಗೆ ರಕ್ಷಣೆ ಇರಬೇಕೆಂದು ವಿಧಿಸಿತು; ತರಬೇತಿಯಿಲ್ಲದ ಎಳೆಯರನ್ನು ಅಪಾಯದ ಯಂತ್ರಗಳಿಗೆ ಹಚ್ಚುವುದನ್ನು ತಡೆಯಿತು. ಆದರೆ ವಿದ್ಯುತ್ ಬಳಸುವೆಡೆ ಅದು ಸಾಮಾನ್ಯವಾಗಿ ಅನ್ವಯವಾಗುತ್ತಿದ್ದುದು ಹತ್ತು ಮಂದಿಯಾದರೂ ದುಡಿಯುತ್ತಿದ್ದ ಕಾರ್ಖಾನೆಗಳಿಗೆ. ಟ್ರಾಕ್ಟರು, ನೇಗಿಲು ದುರಸ್ತಿ ಮಾಡುವ ಒಬ್ಬಿಬ್ಬರ ಅಂಗಡಿಯಲ್ಲಿ ಬೆರಳನ್ನು ಕಾಯುವವರು ಯಾರು? ಆ ಬೆರಳಿನ ಒಡೆಯರೇ. ನಾಳೆ ಯಂತ್ರದ ಮುಂದೆ ನಿಲ್ಲುವವರು ನೀವಾಗಿದ್ದರೆ, ಗುಂಡಿ ಒತ್ತುವ ಮುನ್ನ ವೈಸನ್ನು ಒಮ್ಮೆ ಅಲುಗಿಸಿ ನೋಡಿರಿ.